ಚಂದ್ರ ಏಕೆ ಬೀಳುವುದಿಲ್ಲ?

ಮಕ್ಕಳೇ, ಇಂದು ನಿಮಗೆ ಹೇಳಲಿರುವ ವಿಷಯವು ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಪ್ರಶ್ನೆ ನನ್ನದಲ್ಲ, ಪಕ್ಕದ ಮನೆಯ ಎಂಟು ವರ್ಷದ ಹುಡುಗಿಯದು. ಹೋದ ಬೇಸಿಗೆಯ ಒಂದು ಸಂಜೆ ನಮ್ಮ ಹಿತ್ತಲಿನ ಮಾವಿನ ಮರದಿಂದ ಕಾಯೊಂದು ದೊಪ್ಪನೆ ಬಿತ್ತು. ಹುಡುಗಿ ಓಡಿ ಬಂದು ಅದನ್ನೆತ್ತಿ ಲಂಗಕ್ಕೆ ಒರೆಸಿಕೊಂಡಳು. ಕೊಂಬೆಗಳ ಸಂದಿಯಲ್ಲಿ ಚಂದ್ರ ಕಾಣುತ್ತಿದ್ದ. ಅವನನ್ನೂ ಕಾಯನ್ನೂ ಒಮ್ಮೆ ನೋಡಿ ಕೇಳಿದಳು: "ತಾತ, ಮಾವಿನಕಾಯಿ ಬೀಳತ್ತೆ. ಚಂದ್ರ ಯಾಕೆ ಬೀಳಲ್ಲ?"

ಆ ಕ್ಷಣಕ್ಕೆ ತೋಚಿದ ಉತ್ತರವನ್ನು ಕೊಟ್ಟುಬಿಟ್ಟೆ. "ಅಷ್ಟು ದೂರದಲ್ಲಿ ಭೂಮಿಯ ಆಕರ್ಷಣೆ ಇರೋದಿಲ್ಲ ಕಣಮ್ಮ" ಎಂದೆ.

ಅವಳು ಕಾಯನ್ನು ಕಚ್ಚಿ, ಹುಳಿಗೆ ಮುಖ ಹಿಂಡಿ, ಸ್ವಲ್ಪ ಹೊತ್ತು ಯೋಚಿಸಿದಳು. "ಆಕರ್ಷಣೆ ಇಲ್ದೇ ಇದ್ರೆ ಅದು ನಮ್ಮನ್ನ ಯಾಕೆ ಸುತ್ತತ್ತೆ? ಎಲ್ಲಾದ್ರೂ ಹೊರಟುಹೋಗ್ಬಹುದಲ್ಲ?" ಎಂದಳು.

ನನ್ನ ಬಾಯಿ ಕಟ್ಟಿತು. ಹುಡುಗಿ ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು. ಈ ತಪ್ಪನ್ನು ನಾನೊಬ್ಬನೇ ಮಾಡುವುದಿಲ್ಲವೆಂಬುದು ಆಮೇಲೆ ನಾಲ್ಕಾರು ಮಂದಿ ವಿದ್ಯಾವಂತ ಮಿತ್ರರನ್ನು ಕೇಳಿದಾಗ ತಿಳಿಯಿತು. ಎಲ್ಲರೂ ನನ್ನ ಉತ್ತರವನ್ನೇ ಕೊಟ್ಟರು. ಆದ್ದರಿಂದ, ಮಕ್ಕಳೇ, ನಿಮ್ಮ ಪಕ್ಕದಲ್ಲಿ ಕುಳಿತಿರುವ ದೊಡ್ಡವರೂ ಇದನ್ನು ಕೇಳಿದರೆ ನನಗೇನೂ ಅಭ್ಯಂತರವಿಲ್ಲ.

ಚಂದ್ರ ಏಕೆ ಬೀಳುವುದಿಲ್ಲ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಇದು: ಚಂದ್ರ ಬೀಳುತ್ತಲೇ ಇದ್ದಾನೆ. ಈಗ, ನೀವು ಇದನ್ನು ಕೇಳುತ್ತಿರುವಾಗಲೂ ಬೀಳುತ್ತಿದ್ದಾನೆ. ಇದು ಹೇಗೆಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಒಂದು ಕಲ್ಲನ್ನು ಕೈಬಿಟ್ಟರೆ ನೇರವಾಗಿ ಕೆಳಕ್ಕೆ ಬೀಳುತ್ತದೆ. ಮೊದಲನೆಯ ಒಂದು ಸೆಕೆಂಡಿನಲ್ಲಿ ಅದು ಸುಮಾರು ೫ ಮೀಟರ್, ಸರಿಯಾಗಿ ಹೇಳಬೇಕೆಂದರೆ ೪.೯ ಮೀಟರ್, ಇಳಿಯುತ್ತದೆ. ಅದೇ ಕಲ್ಲನ್ನು ಅಡ್ಡಲಾಗಿ ಎಸೆದರೆ ಸ್ವಲ್ಪ ದೂರ ಹೋಗಿ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ದೂರ ಹೋಗಿ ಬೀಳುತ್ತದೆ. ಎಷ್ಟೇ ಜೋರಾಗಿ ಎಸೆದರೂ ಅದು ಬೀಳುವುದು ಮಾತ್ರ ತಪ್ಪದು. ಮೊದಲ ಸೆಕೆಂಡಿನಲ್ಲಿ ಆ ೫ ಮೀಟರನ್ನು ಅದು ಇಳಿದೇ ಇಳಿಯುತ್ತದೆ. ಅಡ್ಡಕ್ಕೆ ಓಡುವುದು ಒಂದು ಕೆಲಸ, ಕೆಳಕ್ಕೆ ಬೀಳುವುದು ಇನ್ನೊಂದು ಕೆಲಸ. ಕಲ್ಲು ಎರಡನ್ನೂ ಏಕಕಾಲದಲ್ಲಿ ಮಾಡುತ್ತದೆ.

ಈಗ ಒಂದು ಮಾತನ್ನು ಜ್ಞಾಪಿಸಿಕೊಳ್ಳಿ. ಭೂಮಿ ಚಪ್ಪಟೆಯಲ್ಲ, ಗುಂಡಾಗಿದೆ. ನೆಲಕ್ಕೆ ಸಮನಾಗಿ ಒಂದು ನೇರವಾದ ಗೆರೆಯನ್ನು ೮ ಕಿಲೋಮೀಟರ್ ದೂರ ಎಳೆದೆವೆನ್ನಿ. ಗೆರೆಯ ತುದಿಗೆ ಹೋಗುವಷ್ಟರಲ್ಲಿ ನೆಲವು ಬಾಗಿ, ಗೆರೆಗಿಂತ ೫ ಮೀಟರ್ ಕೆಳಗೆ ಸರಿದಿರುತ್ತದೆ. ಹಾಗಾದರೆ ಒಂದು ಕಲ್ಲನ್ನು ಸೆಕೆಂಡಿಗೆ ೮ ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಎಸೆದರೆ ಏನಾದೀತು? ಒಂದು ಸೆಕೆಂಡಿನಲ್ಲಿ ಕಲ್ಲು ೫ ಮೀಟರ್ ಬೀಳುತ್ತದೆ. ಅಷ್ಟರಲ್ಲಿ ನೆಲವೂ ೫ ಮೀಟರ್ ಕೆಳಗೆ ಸರಿದಿರುತ್ತದೆ. ಮುಂದಿನ ಸೆಕೆಂಡಿನಲ್ಲಿಯೂ ಹೀಗೆಯೇ. ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ತಪ್ಪಿಸಿಕೊಳ್ಳುತ್ತಲೇ ಇರುತ್ತದೆ. ಕೊನೆಗೆ ಕಲ್ಲು ಭೂಮಿಯನ್ನು ಒಂದು ಸುತ್ತು ಹಾಕಿ, ಎಸೆದವನ ಬೆನ್ನಿಗೇ ಬಂದು ಬಡಿದೀತು! ನಡುವೆ ಗಾಳಿ ಅಡ್ಡ ಬರುವುದರಿಂದ ನೆಲದ ಸಮೀಪದಲ್ಲಿ ಈ ಆಟ ನಡೆಯದು. ಗಾಳಿ ತೀರ ವಿರಳವಾಗಿರುವ ಎತ್ತರಕ್ಕೆ ಹೋದರೆ ನಡೆಯುತ್ತದೆ. ನಾವು ಕೃತಕ ಉಪಗ್ರಹ ಎನ್ನುವುದು ಹೀಗೆ ಎಸೆದ ಕಲ್ಲನ್ನೇ.

ಎತ್ತರವಾದ ಬೆಟ್ಟದ ಮೇಲೆ ಫಿರಂಗಿಯನ್ನಿಟ್ಟು ಗುಂಡು ಹಾರಿಸಿದಂತೆ ಚಿತ್ರ ಬರೆದು ಈ ವಿಚಾರವನ್ನು ವಿವರಿಸಿದವನು ಇಂಗ್ಲೆಂಡಿನ ಐಸಾಕ್ ನ್ಯೂಟನ್. ಅವನ ಮತ್ತು ಸೇಬಿನ ಕಥೆ ನಿಮಗೆ ಗೊತ್ತೇ ಇದೆ. ೧೬೬೫ರಲ್ಲಿ ಪ್ಲೇಗಿನ ಭಯದಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಮುಚ್ಚಿದರು. ತರುಣ ನ್ಯೂಟನ್ ವೂಲ್ಸ್‌ತೋರ್ಪ್ ಎಂಬ ಹಳ್ಳಿಯಲ್ಲಿದ್ದ ತನ್ನ ತಾಯಿಯ ಮನೆಗೆ ಹೋದ. ಆ ದಿನಗಳಲ್ಲಿ ಸೇಬು ಬಿದ್ದುದನ್ನು ಕಂಡು ತನಗೆ ಈ ಯೋಚನೆ ಹೊಳೆಯಿತೆಂದು ಮುದುಕನಾದ ಮೇಲೆ ೧೭೨೬ರಲ್ಲಿ ಅವನೇ ಗೆಳೆಯನೊಬ್ಬನಿಗೆ ಹೇಳಿದ. ಸೇಬು ಅವನ ತಲೆಯ ಮೇಲೆಯೇ ಬಿತ್ತೆಂಬುದು ಮಾತ್ರ ಆಮೇಲಿನವರು ಸೇರಿಸಿದ ಒಗ್ಗರಣೆ.

ಭೂಮಿಗೆ ಎಳೆಯುವ ಶಕ್ತಿಯಿದೆ ಎಂಬ ಮಾತು ನ್ಯೂಟನ್ನನಿಗಿಂತ ಹಳೆಯದು. ನಮ್ಮ ಭಾಸ್ಕರಾಚಾರ್ಯರು ೧೧೫೦ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯಲ್ಲಿ, ಭೂಮಿಗೆ ಆಕರ್ಷಣ ಶಕ್ತಿಯುಂಟು, ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಅದು ತನ್ನತ್ತ ಸೆಳೆಯುತ್ತದೆ, ನಮಗೆ ಅದು ಬೀಳುವಂತೆ ತೋರುತ್ತದೆ ಎಂದು ಹೇಳಿದ್ದಾರೆ. ಇದಕ್ಕೆ ನಾವು ಹೆಮ್ಮೆಪಡುವುದು ಸರಿಯೇ. ಆದರೆ ಇಷ್ಟರಿಂದ ನ್ಯೂಟನ್ನನ ಕೆಲಸವನ್ನು ಆಚಾರ್ಯರೇ ಮಾಡಿ ಮುಗಿಸಿದ್ದರೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಹಣ್ಣನ್ನು ಸೆಳೆಯುವ ಅದೇ ಶಕ್ತಿ ಚಂದ್ರನವರೆಗೂ ಚಾಚಿದೆ, ದೂರ ಹೋದಂತೆ ಅದು ಇಂತಿಷ್ಟೇ ಕಡಮೆಯಾಗುತ್ತದೆ ಎಂದು ಲೆಕ್ಕದಿಂದ ತೋರಿಸಿದ್ದು ನ್ಯೂಟನ್ನನ ಹೆಚ್ಚುಗಾರಿಕೆ.

ಆ ಲೆಕ್ಕ ಬಹಳ ಸೊಗಸಾಗಿದೆ. ಪೆನ್ಸಿಲು ಕಾಗದ ಹಿಡಿದರೆ ನೀವೂ ಮಾಡಬಹುದು. ದೂರ ಎರಡರಷ್ಟಾದರೆ ಸೆಳೆತ ನಾಲ್ಕರಲ್ಲೊಂದು ಪಾಲಾಗುತ್ತದೆ. ದೂರ ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲು. ದೂರವನ್ನು ಭೂಮಿಯ ನಡುಮಧ್ಯದಿಂದ ಅಳೆಯಬೇಕು. ಮಾವಿನ ಮರವು ಭೂಮಿಯ ಮಧ್ಯದಿಂದ ಸುಮಾರು ೬,೩೭೦ ಕಿಲೋಮೀಟರ್ ದೂರದಲ್ಲಿದೆ. ಚಂದ್ರನು ಸರಾಸರಿ ೩,೮೪,೪೦೦ ಕಿಲೋಮೀಟರ್ ದೂರದಲ್ಲಿದ್ದಾನೆ, ಎಂದರೆ ಮರಕ್ಕಿಂತ ೬೦ರಷ್ಟು ದೂರ. ಆದ್ದರಿಂದ ಅಲ್ಲಿ ಭೂಮಿಯ ಸೆಳೆತವು ಇಲ್ಲಿನದರ ೩,೬೦೦ರಲ್ಲಿ ಒಂದು ಪಾಲು. ಇಲ್ಲಿ ಮಾವಿನಕಾಯಿ ಒಂದು ಸೆಕೆಂಡಿನಲ್ಲಿ ೪.೯ ಮೀಟರ್ ಬೀಳುತ್ತದಲ್ಲವೇ? ಅದನ್ನು ೩,೬೦೦ರಿಂದ ಭಾಗಿಸಿ. ಬರುವುದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ೧.೩೬ ಮಿಲಿಮೀಟರ್. ನಮ್ಮ ರಾಗಿಯ ಕಾಳೊಂದರ ಗಾತ್ರ ಅಷ್ಟಿರುತ್ತದೆ.

ಇನ್ನು ಆಕಾಶದಲ್ಲಿ ನಿಜವಾಗಿ ನಡೆಯುತ್ತಿರುವುದೇನೆಂದು ನೋಡೋಣ. ಚಂದ್ರನು ಒಂದು ಸೆಕೆಂಡಿನಲ್ಲಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಓಡುತ್ತಾನೆ. ಎಳೆಯುವವರು ಯಾರೂ ಇಲ್ಲದಿದ್ದರೆ ಆ ಓಟ ನೇರವಾಗಿರುತ್ತಿತ್ತು. ಅವನ ಹಾದಿ ಆ ನೇರ ಗೆರೆಯಿಂದ ಭೂಮಿಯ ಕಡೆಗೆ ಎಷ್ಟು ಬಾಗಿದೆ ಎಂದು ಅಳತೆ ಮಾಡಿದರೆ ಸಿಗುವುದೂ ರಾಗಿಯ ಕಾಳಿನಷ್ಟೇ! ಹಿತ್ತಲಿನ ಮಾವಿನಕಾಯಿಯಿಂದ ಹೊರಟ ಲೆಕ್ಕವೂ ಆಕಾಶದ ಚಂದ್ರನಿಂದ ಹೊರಟ ಲೆಕ್ಕವೂ ಒಂದೇ ಕಡೆ ಬಂದು ಕೂಡಿದವು. ಆವರೆಗೆ ಭೂಲೋಕದ ನಿಯಮವೇ ಬೇರೆ, ಆಕಾಶದ ನಿಯಮವೇ ಬೇರೆ ಎಂದು ಯೂರೋಪಿನ ಪಂಡಿತರು ಎರಡು ಸಾವಿರ ವರ್ಷ ನಂಬಿದ್ದರು. ಆ ಗೋಡೆ ಒಂದು ಭಾಗಾಕಾರದಿಂದ ಬಿದ್ದುಹೋಯಿತು. ನ್ಯೂಟನ್ ಇದನ್ನೆಲ್ಲ ಗ್ರಂಥವಾಗಿ ಪ್ರಕಟಿಸಿದ್ದು ೧೬೮೭ರಲ್ಲಿ, ಅದೂ ಅವನ ಮಿತ್ರ ಎಡ್ಮಂಡ್ ಹ್ಯಾಲಿ ಬೆನ್ನುಹತ್ತಿ ಬರೆಯಿಸಿ, ಅಚ್ಚಿನ ಖರ್ಚನ್ನು ತಾನೇ ಕೊಟ್ಟ ಮೇಲೆ.

"ಹಾಗಾದರೆ ಚಂದ್ರನನ್ನು ಹಿಂದಿನಿಂದ ಯಾರಾದರೂ ತಳ್ಳುತ್ತಿರಬೇಕಲ್ಲವೇ?" ಎಂದು ನೀವು ಕೇಳಬಹುದು. ಬೇಕಾಗಿಲ್ಲ. ಗೋಲಿಯನ್ನು ಉರುಳಿಸಿದರೆ ಅದು ನಿಲ್ಲುವುದು ನೆಲದ ಉಜ್ಜಾಟದಿಂದ. ಉಜ್ಜುವುದು ಏನೂ ಇಲ್ಲದಿದ್ದರೆ ಓಡುವುದು ಓಡುತ್ತಲೇ ಇರುತ್ತದೆ. ಚಂದ್ರನು ಹುಟ್ಟುವಾಗಲೇ ತನ್ನ ಓಟವನ್ನು ಜೊತೆಯಲ್ಲಿ ತಂದಿದ್ದಾನೆ. ಅವನ ದಾರಿಯಲ್ಲಿ ಅಡ್ಡಿಪಡಿಸಲು ಗಾಳಿಯಿಲ್ಲ.

ನನ್ನ ತಪ್ಪಿಗೆ ಇನ್ನೊಂದು ಮುಖವಿದೆ. ಆಕಾಶನೌಕೆಯೊಳಗೆ ಯಾತ್ರಿಕರು ತೇಲಾಡುವುದನ್ನು ನೀವು ಚಿತ್ರಗಳಲ್ಲಿ ಕಂಡಿದ್ದೀರಿ. ೧೯೮೪ರಲ್ಲಿ ನಮ್ಮ ರಾಕೇಶ್ ಶರ್ಮ ಸಲ್ಯೂತ್-೭ ಎಂಬ ನಿಲ್ದಾಣದಲ್ಲಿ ಹಾಗೆ ತೇಲಿದರು. ೨೦೨೫ರಲ್ಲಿ ಶುಭಾಂಶು ಶುಕ್ಲ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ತೇಲಿದರು. ಅಲ್ಲಿ ಗುರುತ್ವಾಕರ್ಷಣೆ ಇಲ್ಲದ್ದರಿಂದ ತೇಲುತ್ತಾರೆಂದು ಬಹಳ ಜನ ಹೇಳುತ್ತಾರೆ. ಆದರೆ ಆ ನಿಲ್ದಾಣವಿರುವುದು ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ. ಅಷ್ಟೇ ಎತ್ತರದ ಒಂದು ಏಣಿಯನ್ನು ಮಾಡಿ, ಇಲ್ಲಿ ೫೦ ಕಿಲೋ ತೂಗುವ ಮನುಷ್ಯನನ್ನು ಅದರ ತುದಿಯಲ್ಲಿ ನಿಲ್ಲಿಸಿ ತೂಗಿದರೆ ಅವನು ಇನ್ನೂ ೪೪ ಕಿಲೋ ತೂಗುತ್ತಾನೆ! ಸೆಳೆತ ಹೆಚ್ಚೇನೂ ಕಡಮೆಯಾಗಿಲ್ಲ. ಮತ್ತೆ ತೇಲುವುದೇಕೆ?

ಇದಕ್ಕೆ ಉತ್ತರವನ್ನು ಒಂದು ಹಳೆಯ ಡಬ್ಬದಿಂದ ಪಡೆಯಬಹುದು. ತಗಡಿನ ಖಾಲಿ ಡಬ್ಬವೊಂದರ ಪಕ್ಕದಲ್ಲಿ, ತಳದಿಂದ ಎರಡು ಬೆರಳು ಮೇಲೆ, ಮೊಳೆಯಿಂದ ಒಂದು ತೂತು ಮಾಡಿಸಿಕೊಳ್ಳಿ. ತೂತಿಗೆ ಬೆರಳೊತ್ತಿ ನೀರು ತುಂಬಿ. ಬೆರಳು ತೆಗೆದರೆ ನೀರು ಚಿಲ್ಲನೆ ಚಿಮ್ಮುತ್ತದೆ. ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ಒತ್ತುವುದೇ ಇದಕ್ಕೆ ಕಾರಣ. ಈಗ ಮನೆಯವರಲ್ಲಿ ಯಾರಾದರೊಬ್ಬರು ಮಹಡಿಯ ಮೇಲೆ ನಿಂತು, ನೀರು ಚಿಮ್ಮುತ್ತಿರುವ ಡಬ್ಬವನ್ನು ಹಿತ್ತಲಿಗೆ ಕೈಬಿಡಲಿ. ನೀವು ದೂರದಲ್ಲಿ ನಿಂತು ನೋಡಿ. ಡಬ್ಬ ಬೀಳುತ್ತಿರುವಷ್ಟು ಹೊತ್ತು ತೂತಿನಿಂದ ನೀರು ಹೊರಕ್ಕೆ ಬರುವುದಿಲ್ಲ. ಡಬ್ಬವೂ ನೀರೂ ಒಂದೇ ಸಮನಾಗಿ ಬೀಳುತ್ತಿರುವುದರಿಂದ ನೀರು ಯಾವುದನ್ನೂ ಒತ್ತುವುದಿಲ್ಲ. ಭೂಮಿಯ ಸೆಳೆತ ಎಲ್ಲಿಗೂ ಹೋಗಿಲ್ಲ. ಡಬ್ಬ ಬೀಳುತ್ತಿರುವುದೇ ಅದರಿಂದ. ಆಕಾಶನೌಕೆಯೂ ಹೀಗೆ ಬೀಳುತ್ತಿರುವ ಡಬ್ಬ, ಯಾತ್ರಿಕರು ಅದರೊಳಗಿನ ನೀರು. ಆ ಡಬ್ಬ ನೆಲ ಮುಟ್ಟುವುದಿಲ್ಲ, ಅಷ್ಟೇ ವ್ಯತ್ಯಾಸ.

ಭಾರವಾದದ್ದೂ ಹಗುರವಾದದ್ದೂ ಸಮನಾಗಿಯೇ ಬೀಳುತ್ತವೆಯೇ ಎಂದು ಸಂದೇಹ ಬಂದರೆ, ಒಂದು ದಪ್ಪ ಪುಸ್ತಕದ ಮೇಲೆ ಪುಸ್ತಕಕ್ಕಿಂತ ಚಿಕ್ಕದಾದ ಕಾಗದದ ಚೂರನ್ನಿಟ್ಟು, ಪುಸ್ತಕವನ್ನು ಹಾಸಿಗೆಯ ಮೇಲೆ ಬೀಳಿಸಿ. ಗಾಳಿಯ ಅಡ್ಡಿಯನ್ನು ಪುಸ್ತಕವೇ ತಡೆದುಕೊಳ್ಳುವುದರಿಂದ ಕಾಗದವೂ ಜೊತೆಯಲ್ಲೇ ಇಳಿಯುತ್ತದೆ. ೧೯೭೧ರಲ್ಲಿ ಅಪೊಲೊ-೧೫ರ ಯಾತ್ರಿಕ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟ. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಉಪಗ್ರಹವು ದೂರ ಹೋದಂತೆ ಸೆಳೆತ ಕುಗ್ಗುತ್ತದೆ. ಆದ್ದರಿಂದ ಅದು ನಿಧಾನವಾಗಿ ಓಡಿದರೂ ಸಾಕು. ೪೦೦ ಕಿಲೋಮೀಟರ್ ಎತ್ತರದಲ್ಲಿರುವುದು ಸುಮಾರು ಒಂದೂವರೆ ಗಂಟೆಯಲ್ಲಿ ಭೂಮಿಯನ್ನು ಸುತ್ತಿದರೆ, ಚಂದ್ರನಿಗೆ ೨೭ ದಿನಕ್ಕಿಂತ ಹೆಚ್ಚು ಬೇಕು. ಇವೆರಡರ ನಡುವೆ, ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ, ಒಂದು ವಿಶೇಷವಾದ ಜಾಗವಿದೆ. ಅಲ್ಲಿಯ ಉಪಗ್ರಹವು ಭೂಮಿ ಒಮ್ಮೆ ತಿರುಗುವಷ್ಟು ಹೊತ್ತಿನಲ್ಲಿಯೇ ಒಂದು ಸುತ್ತು ಮುಗಿಸುತ್ತದೆ. ಅದನ್ನು ಸಮಭಾಜಕ ವೃತ್ತದ ಮೇಲೆ ಹಾರಿಸಿದರೆ ನಮ್ಮ ಪಾಲಿಗೆ ಅದು ಆಕಾಶದಲ್ಲಿ ಮೊಳೆ ಹೊಡೆದು ನಿಲ್ಲಿಸಿದಂತೆ ಒಂದೇ ಕಡೆ ಇರುತ್ತದೆ. ಮನೆಗಳ ಮಾಳಿಗೆಯ ಮೇಲಿರುವ ಟೆಲಿವಿಷನ್ನಿನ ಬೋಗುಣಿಗಳು ಸದಾ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಇದಕ್ಕೇ. ಇಂತಹ ನಮ್ಮ ದೇಶದ ಉಪಗ್ರಹಗಳನ್ನು ಕಾಯುವ ಕೇಂದ್ರವು ೧೯೮೨ರಿಂದ ಹಾಸನದಲ್ಲಿದೆ. ನಿಂತಂತೆ ಕಾಣುವ ಆ ಉಪಗ್ರಹಗಳೂ ಬೀಳುತ್ತಿವೆ ಎಂಬುದನ್ನು ಮರೆಯಬೇಡಿ.

ಇಲ್ಲಿಯವರೆಗೆ ಭೂಮಿಯ ಸೆಳೆತವೊಂದನ್ನೇ ಹೇಳಿದೆ. ಆದರೆ ನ್ಯೂಟನ್ ಹೇಳಿದ್ದು ಇನ್ನೂ ದೊಡ್ಡ ಮಾತು. ಪ್ರತಿಯೊಂದು ವಸ್ತುವೂ ಪ್ರತಿಯೊಂದು ವಸ್ತುವನ್ನೂ ಎಳೆಯುತ್ತದೆ. ಮೇಜು ಕುರ್ಚಿಯನ್ನು ಎಳೆಯುತ್ತದೆ, ಹಿತ್ತಾಳೆಯ ಕೊಡ ತಾಮ್ರದ ಹಂಡೆಯನ್ನು ಎಳೆಯುತ್ತದೆ. ಹಾಗಿದ್ದರೆ ಅಡಿಗೆಮನೆಯ ಪಾತ್ರೆಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲವೇಕೆ? ಈ ಸೆಳೆತ ಅತ್ಯಂತ ದುರ್ಬಲವಾದದ್ದು. ಒಂದು ಚಿಕ್ಕ ಅಯಸ್ಕಾಂತ ನೆಲದಿಂದ ಗುಂಡುಸೂಜಿಯನ್ನು ಎತ್ತುವಾಗ, ಇಡೀ ಭೂಮಂಡಲವೇ ಒಂದು ಕಡೆ ಎಳೆಯುತ್ತಿದ್ದರೂ ಗೆಲ್ಲುವುದು ಅಯಸ್ಕಾಂತ!

ಇಷ್ಟು ಸೂಕ್ಷ್ಮವಾದ ಸೆಳೆತವನ್ನು ಮನೆಯೊಳಗೆ ಅಳೆದವನೊಬ್ಬನಿದ್ದ. ಅವನು ಲಂಡನ್ನಿನ ಹೆನ್ರಿ ಕ್ಯಾವೆಂಡಿಷ್, ಮಹಾ ಶ್ರೀಮಂತ, ಅಷ್ಟೇ ನಾಚಿಕೆಯ ಸ್ವಭಾವದವನು. ಮನೆಯ ಆಳುಗಳಿಗೂ ಬೇಕಾದ್ದನ್ನು ಚೀಟಿ ಬರೆದು ತಿಳಿಸುತ್ತಿದ್ದನಂತೆ. ಆರು ಅಡಿ ಉದ್ದದ ಮರದ ಕೋಲಿನ ಎರಡು ತುದಿಗೂ ಒಂದೊಂದು ಚಿಕ್ಕ ಸೀಸದ ಗುಂಡನ್ನು ಕಟ್ಟಿ, ಕೋಲನ್ನು ನಡುವಿನಲ್ಲಿ ತೆಳುವಾದ ತಂತಿಯಿಂದ ತೂಗುಬಿಟ್ಟ. ಆಮೇಲೆ ತಲಾ ೧೫೮ ಕಿಲೋ ತೂಕದ ಎರಡು ದೊಡ್ಡ ಸೀಸದ ಗುಂಡುಗಳನ್ನು ಅವುಗಳ ಸಮೀಪಕ್ಕೆ ತಂದ. ದೊಡ್ಡ ಗುಂಡು ಚಿಕ್ಕದನ್ನು ಎಳೆದರೆ ಕೋಲು ತಿರುಗಬೇಕು. ಆ ಎಳೆತವಾದರೋ ಒಂದು ಸಣ್ಣ ಮರಳಿನ ಕಣದ ತೂಕದಷ್ಟು. ಮನುಷ್ಯ ಹತ್ತಿರ ನಿಂತರೆ ಅವನ ಮೈಯ ಕಾವಿನಿಂದ ಗಾಳಿ ಅಲುಗಿ ಎಲ್ಲ ಕೆಟ್ಟುಹೋದೀತು. ಆದ್ದರಿಂದ ಕ್ಯಾವೆಂಡಿಷ್ ಅದನ್ನೆಲ್ಲ ಕೋಣೆಯೊಳಗೆ ಮುಚ್ಚಿಟ್ಟು, ಹೊರಗಿನಿಂದ ಗೋಡೆಯ ಕಿಂಡಿಗಳಲ್ಲಿ ದೂರದರ್ಶಕವಿಟ್ಟು ನೋಡುತ್ತಿದ್ದ. ಕೋಲು ತಿರುಗಿತು! ಆ ಅಳತೆಯಿಂದ, ಭೂಮಿಯು ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು ಐದೂವರೆ ಪಟ್ಟು ಭಾರವೆಂದು ೧೭೯೮ರಲ್ಲಿ ಪ್ರಕಟಿಸಿದ. ಅವನ ಲೆಕ್ಕ ೫.೪೮, ಇಂದಿನ ಲೆಕ್ಕ ೫.೫೧. ಕಿಲೋಗಳಲ್ಲಿ ಹೇಳುವುದಾದರೆ ೬ನ್ನು ಬರೆದು ಅದರ ಮುಂದೆ ೨೪ ಸೊನ್ನೆ ಹಾಕಬೇಕು. ಮನೆಯಿಂದ ಆಚೆಗೆ ಹೋಗದೆ ಭೂಮಿಯನ್ನೇ ತೂಗಿದ ಈ ಸಂಕೋಚದ ಮನುಷ್ಯನ ಮೇಲೆ ನನಗೆ ನ್ಯೂಟನ್ನನಿಗಿಂತಲೂ ಒಂದು ಗುಲಗಂಜಿ ಹೆಚ್ಚು ಪ್ರೀತಿ.

ಇಂತಹ ಬಡಪಾಯಿ ಶಕ್ತಿ ವಿಶ್ವವನ್ನು ಆಳುವುದು ಹೇಗೆ? ಮುಖ್ಯವಾಗಿ ಎರಡು ಗುಣಗಳಿಂದ. ಅಯಸ್ಕಾಂತಕ್ಕೆ ಸೆಳೆಯುವ ತುದಿಯಂತೆ ತಳ್ಳುವ ತುದಿಯೂ ಉಂಟು. ವಸ್ತುಗಳ ಈ ಗುರುತ್ವಕ್ಕೆ ಸೆಳೆಯುವುದು ಮಾತ್ರ ಗೊತ್ತು. ಇದನ್ನು ಮರೆಮಾಡುವ ಗೋಡೆಯೂ ಇಲ್ಲ. ಆದ್ದರಿಂದ ಹನಿಗೂಡಿ ಹಳ್ಳವಾದಂತೆ, ವಸ್ತು ಸೇರಿದಷ್ಟೂ ಸೆಳೆತ ಕೂಡುತ್ತಲೇ ಹೋಗುತ್ತದೆ. ಸುಮಾರು ೪೬೦ ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯನೂ ಭೂಮಿಯೂ ಇರಲಿಲ್ಲ. ಇದ್ದದ್ದು ತೆಳುವಾದ ಅನಿಲ ಮತ್ತು ಧೂಳಿನ ಒಂದು ದೊಡ್ಡ ಮೋಡ. ಕಣ ಕಣವನ್ನೆಳೆದು, ಮೋಡ ಕುಗ್ಗಿ, ನಡುವೆ ಗುಡ್ಡೆಯಾಯಿತು. ಗುಡ್ಡೆ ಬೆಳೆದಂತೆ ಅದರ ಹೊಟ್ಟೆಯ ಮೇಲೆ ಒತ್ತಡ ಹೆಚ್ಚಿ ಕಾವೇರಿತು. ಕೊನೆಗೆ ಅಲ್ಲಿನ ಜಲಜನಕದ ಪರಮಾಣುಗಳ ಬೀಜಗಳು ಒಂದರೊಡನೊಂದು ಬೆಸೆದುಕೊಂಡು ಶಕ್ತಿಯನ್ನು ಹೊರಸೂಸತೊಡಗಿದವು. ಸೂರ್ಯ ಹೊತ್ತಿಕೊಂಡ. ಈಗಲೂ ಅವನ ಗರ್ಭದಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಶಾಖವಿದೆ. ಒಳಗಿನ ಕಾವು ಹೊರಕ್ಕೆ ಉಬ್ಬಿಸುತ್ತದೆ, ಗುರುತ್ವವು ಒಳಕ್ಕೆ ಹಿಂಡುತ್ತದೆ. ಎರಡೂ ಸಮಸಮವಾಗಿರುವುದರಿಂದ ಸೂರ್ಯ ಉಬ್ಬದೆ ಕುಗ್ಗದೆ ನಿಂತಿದ್ದಾನೆ. ಮೋಡದ ಉಳಿದ ಚೂರುಪಾರಿನಿಂದ ಗ್ರಹಗಳಾದವು. ನಾವೂ ನಮ್ಮ ಮಾವಿನ ಮರವೂ ಆ ಚೂರುಪಾರಿನಲ್ಲಿ ಸೇರಿದವರೇ.

ಗ್ರಹಗಳೆಲ್ಲ ಉಂಡೆಯಂತೆ ಗುಂಡಾಗಿರುವುದಕ್ಕೂ ಈ ಸೆಳೆತವೇ ಕಾರಣ. ಎಲ್ಲ ದಿಕ್ಕುಗಳಿಂದಲೂ ಮಧ್ಯಕ್ಕೆ ಎಳೆದರೆ ಉಬ್ಬು ತಗ್ಗುತ್ತದೆ, ತಗ್ಗು ತುಂಬುತ್ತದೆ. ಮಂಗಳ ಗ್ರಹದ ಫೋಬೋಸ್ ಎಂಬ ಚಂದ್ರ ಕೇವಲ ೨೨ ಕಿಲೋಮೀಟರ್ ಅಗಲದ್ದು. ಕಲ್ಲನ್ನು ಬಗ್ಗಿಸುವಷ್ಟು ಸೆಳೆತ ಅದಕ್ಕಿಲ್ಲದ್ದರಿಂದ ಆಲೂಗಡ್ಡೆಯ ಹಾಗೆ ಸೊಟ್ಟಗಿದೆ. ಸುಮಾರು ೯೪೦ ಕಿಲೋಮೀಟರ್ ಅಗಲವಿರುವ ಸೀರಿಸ್ ದುಂಡಗಾಗಿದೆ. ನಮ್ಮ ಬೆಟ್ಟಗಳಿಗೂ ಒಂದು ಮಿತಿಯಿದೆ. ಎವರೆಸ್ಟ್ ೮,೮೪೯ ಮೀಟರ್. ಅದಕ್ಕಿಂತ ಬಹಳ ಎತ್ತರದ ಬೆಟ್ಟವನ್ನು ಅದರ ಬುಡದ ಬಂಡೆಯೇ ಹೊರಲಾರದು. ಸೆಳೆತ ನಮ್ಮ ಅರ್ಧಕ್ಕಿಂತ ಕಡಮೆಯಿರುವ ಮಂಗಳದಲ್ಲಿ ಒಲಿಂಪಸ್ ಎಂಬ ಪರ್ವತ ಸುಮಾರು ೨೨ ಕಿಲೋಮೀಟರ್ ಎತ್ತರಕ್ಕೆ ಬೆಳೆದು ನಿಂತಿದೆ.

ಕಣ್ಣಿಗೆ ಕಾಣದ್ದನ್ನೂ ಈ ಸೆಳೆತದಿಂದ ಕಂಡುಹಿಡಿದದ್ದುಂಟು. ಯುರೇನಸ್ ಗ್ರಹ ತನ್ನ ದಾರಿಯಲ್ಲಿ ಲೆಕ್ಕಕ್ಕೆ ಸರಿಯಾಗಿ ನಡೆಯುತ್ತಿರಲಿಲ್ಲ. ಅದನ್ನು ಬೇರೊಂದು ಗ್ರಹ ಎಳೆಯುತ್ತಿರಬೇಕೆಂದು ಫ್ರಾನ್ಸಿನ ಲವೆರ್ಯೇ ಗಣಿತ ಮಾಡಿ, ಆಕಾಶದಲ್ಲಿ ಇಂತಹ ಕಡೆ ಹುಡುಕಿ ಎಂದು ಬರ್ಲಿನ್ನಿಗೆ ಕಾಗದ ಬರೆದ. ೧೮೪೬ನೆಯ ಸೆಪ್ಟೆಂಬರ್ ೨೩ರಂದು, ಕಾಗದ ತಲಪಿದ ರಾತ್ರಿಯೇ, ಗಾಲೆ ಎಂಬ ಖಗೋಳಜ್ಞನ ದೂರದರ್ಶಕಕ್ಕೆ ನೆಪ್ಚೂನ್ ಸಿಕ್ಕಿತು. ನಮ್ಮ ಸೂರ್ಯನೂ ಸುಮ್ಮನೆ ಕುಳಿತಿಲ್ಲ. ಕೋಟಿ ಕೋಟಿ ನಕ್ಷತ್ರಗಳೊಡನೆ ಆಕಾಶಗಂಗೆಯ ಮಧ್ಯವನ್ನು ಅವನೂ ಸುತ್ತುತ್ತಿದ್ದಾನೆ. ಒಂದು ಸುತ್ತಿಗೆ ಇಪ್ಪತ್ತು ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು. ಗುರುತ್ವವೆಂದರೆ ದೇಶಕಾಲಗಳೇ ಬಾಗುವುದು ಎಂದು ೧೯೧೫ರಲ್ಲಿ ಐನ್‌ಸ್ಟೈನ್ ತೋರಿಸಿದ್ದು, ಕೃಷ್ಣರಂಧ್ರಗಳೆರಡು ಕೂಡಿದಾಗ ಎದ್ದ ಅಲೆಗಳನ್ನು ೨೦೧೫ರಲ್ಲಿ ಅಮೆರಿಕದಲ್ಲಿ ಹಿಡಿದದ್ದು, ಇವೆಲ್ಲ ಬೇರೆಯೇ ಒಂದು ದಿನದ ಮಾತು. ಇಂದು ಅದಕ್ಕೆ ಕೈ ಹಾಕಿದರೆ ಮಾವಿನಕಾಯಿ ಹಣ್ಣಾಗಿ ಕೊಳೆತೀತು.

ಇಷ್ಟನ್ನೂ ಓದಿಕೊಂಡು, ಲೆಕ್ಕ ಸರಿನೋಡಿಕೊಂಡು, ಒಂದು ವಾರದ ಮೇಲೆ ಆ ಹುಡುಗಿಯನ್ನು ಕರೆದೆ. "ನಾನು ಅವತ್ತು ಹೇಳಿದ್ದು ತಪ್ಪಮ್ಮ" ಎಂದು ಮೊದಲು ಒಪ್ಪಿಕೊಂಡು ಆಮೇಲೆ ರಾಗಿಯ ಕಾಳಿನ ವಿಷಯ ಹೇಳಿದೆ. ಡಬ್ಬದ ಆಟವನ್ನು ಹನ್ನೊಂದು ಸಲ ಆಡಿದೆವು. ಎಲ್ಲ ಮುಗಿದ ಮೇಲೆ ಅವಳು ಕೇಳಿದಳು:

"ಎಲ್ಲಾ ವಸ್ತೂನೂ ಎಳೆಯತ್ತೆ ಅಂದ್ರಲ್ಲ, ತಾತ. ಹಾಗಾದ್ರೆ ನಾನೂ ಭೂಮೀನ ಎಳೀತೀನಾ?"

"ಎಳೀತೀಯ. ಅದು ನಿನ್ನನ್ನ ಎಷ್ಟು ಬಲವಾಗಿ ಎಳೆಯತ್ತೋ ನೀನೂ ಅದನ್ನ ಅಷ್ಟೇ ಬಲವಾಗಿ ಎಳೀತೀಯ. ಒಂದು ಕೂದಲೂ ಹೆಚ್ಚಿಲ್ಲ, ಕಡಮೆಯಿಲ್ಲ."

ಅವಳು ಜಗಲಿಯ ಮೇಲೆ ಹತ್ತಿ ಅಂಗಳಕ್ಕೆ ಧುಮುಕಿದಳು. "ಈಗ ಭೂಮಿ ಮೇಲಕ್ಕೆ ಬಂತಾ?" ಎಂದಳು.

"ಬಂತು. ಆದರೆ ಯಾವ ಯಂತ್ರದಿಂದಲೂ ಅಳೆಯೋಕೆ ಆಗದಷ್ಟು ಸ್ವಲ್ಪ" ಎಂದೆ. ಈ ಸಲ ನನ್ನ ಉತ್ತರ ಸರಿಯಾಗಿತ್ತು. ಅವಳು ಮತ್ತೆ ಜಗಲಿ ಹತ್ತಿದಳು.